ಚೊಗರಿನ ಬಣ್ಣದ ಮೂತ್ರ, ಕವರ್ ತುಂಬ ಮಾತ್ರೆ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಮಗನಿಗೆ 26 ವರ್ಷ, 62 ಕೆ.ಜಿ. ತೂಕ. ಚಿಕ್ಕಂದಿನಿಂದಲೂ ಓಡಿದರೆ ಕಾಲು ಹಿಡಿಯುತ್ತೆ ಅನ್ನುತ್ತಿದ್ದ. ಶಾಲೆಯಲ್ಲಿ ಸೋಮಾರಿ ಅಂತ ಹೆಸರು ಬಿತ್ತು, ನಾವೂ ಬೈದಿದ್ದೇವೆ. ಹೋದ ವರ್ಷ ಕೊಯ್ಲಿಗೆ ಜನ ಸಿಗದೆ ಅವನೇ ಅಡಿಕೆ ಕೊನೆ ಹೊತ್ತು ತೋಟದಿಂದ ಅಂಗಳಕ್ಕೆ ಹತ್ತಿಸಿದ. ರಾತ್ರಿ ತೊಡೆ, ತೋಳು ಎಲ್ಲ ಮರಗಟ್ಟಿದ ಹಾಗಾಯಿತು. ಮೂತ್ರ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಗಂದು ನೀರಿನ, ಬಣ್ಣಕ್ಕೆ ತಿರುಗಿತು. ಕಾಮಾಲೆ ಅಂದುಕೊಂಡು ಎರಡು ದಿನ ನಾಟಿ ಔಷಧಿ ಕೊಡಿಸಿದೆವು. ಆಸ್ಪತ್ರೆಗೆ ಹೋದಾಗ ಸಿ.ಕೆ. 42,000 ಇತ್ತು, ಮಾಂಸಖಂಡ ಒಡೆದರೆ ರಕ್ತದಲ್ಲಿ ಅದು ಏರುತ್ತದಂತೆ. ಕೊನೆಗೆ ಬೆಂಗಳೂರಿನಲ್ಲಿ ಜೀನ್ ಪರೀಕ್ಷೆ ಮಾಡಿ ಮೆಕ್‌ಆರ್ಡಲ್ ಕಾಯಿಲೆ ಎಂದರು. ಇದಕ್ಕೆ ಮಾತ್ರೆ ಇಲ್ಲ ಎಂದರು. ಆದರೆ ಊರಿಗೆ ಬಂದ ಮೇಲೆ ಒಬ್ಬೊಬ್ಬರು ಒಂದೊಂದು ಹೇಳಿ ಈಗ ಅವನ ಹತ್ತಿರ ಪ್ರೋಟೀನ್ ಪೌಡರ್, ಕ್ರಿಯಾಟಿನ್, ಕಾರ್ನಿಟಿನ್, ಕೋಎನ್‌ಜೈಮ್ ಕ್ಯೂ10, ಬಿ-ಕಾಂಪ್ಲೆಕ್ಸ್, ಅಶ್ವಗಂಧ, ಎಲ್ಲ ಇವೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11, ಬಿ12 168 ಬಂದಿದೆ. ನಾವು ಮೊಟ್ಟೆ, ಮೀನು ತಿನ್ನುವವರಲ್ಲ. ಈ ಕೊರತೆಯಿಂದಲೇ ಕಾಯಿಲೆ ಬಂದಿದ್ದಾ? ನಾನು ಬಸುರಿಯಾಗಿದ್ದಾಗ ಕಬ್ಬಿಣದ ಮಾತ್ರೆ ಸರಿಯಾಗಿ ನುಂಗಲಿಲ್ಲ, ಅದಕ್ಕೇನಾದರೂ ಹೀಗಾಯಿತಾ? ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು? ಏಳನೇ ಕ್ಲಾಸಿನ ಮಗಳೂ ಈಗ ಓಡಿದರೆ ಮೀನಖಂಡ ನೋವು ಅನ್ನುತ್ತಿದ್ದಾಳೆ. ಭಯವಾಗುತ್ತಿದೆ.

ಉತ್ತರ: ಅಮ್ಮ, ಮೊದಲು ನಿಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತಿಗೆ ಬರುತ್ತೇನೆ. ನೀವು ಕಬ್ಬಿಣದ ಮಾತ್ರೆ ನುಂಗದೇ ಇದ್ದುದಕ್ಕೂ ಮಗನ ಕಾಯಿಲೆಗೂ ಸಂಬಂಧವಿಲ್ಲ. ಒಂದಿಷ್ಟೂ ಇಲ್ಲ. ಇದು ಊಟದಿಂದ ಬಂದ ಕಾಯಿಲೆ ಅಲ್ಲ, ಹುಟ್ಟಿನಿಂದಲೇ ಬಂದದ್ದು. ಪಿವೈಜಿಎಂ ಅಂತ ಒಂದು ಜೀನ್ ಇದೆ. ಅದರ ಕೆಟ್ಟ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದು ಸೇರಿದರೆ ಮಾತ್ರ ಈ ಕಾಯಿಲೆ. ನಿಮ್ಮಿಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ, ಒಂದೊಂದು ಒಳ್ಳೆಯ ಪ್ರತಿ ಇದೆ. ಹಾಗಾಗಿ ನಿಮಗೆ ಏನೂ ಆಗಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಮಗನನ್ನು ಬೈದದ್ದಕ್ಕೂ ಕೊರಗಬೇಡಿ. ಈ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಸೋಮಾರಿ ಅನ್ನಿಸಿಕೊಂಡವರೇ. ವೈದ್ಯರಾದ ನಮಗೇ ಎಷ್ಟೋ ಸಲ ಮೊದಲ ಸಲಕ್ಕೆ ಹೊಳೆಯುವುದಿಲ್ಲ.

ಈಗ ಕಾಯಿಲೆ ಏನು ಅಂತ ಹೇಳುತ್ತೇನೆ. ಅದು ತಿಳಿದರೆ ಕವರಿನಲ್ಲಿರುವ ಮಾತ್ರೆಗಳಲ್ಲಿ ಅರ್ಧಕ್ಕರ್ಧ ತಾನಾಗಿಯೇ ಬದಿಗೆ ಸರಿಯುತ್ತವೆ.

ನಮ್ಮ ಮಾಂಸಖಂಡದಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ. ಮನೆಯೊಳಗಿನ ಕಣಜದ ಹಾಗೆ. ಗಡಿಬಿಡಿಯ ಕೆಲಸ ಬಂದಾಗ, ಅಂದರೆ ಓಡುವಾಗ, ಭಾರ ಎತ್ತುವಾಗ, ದೇಹ ಮೊದಲು ಈ ಕಣಜಕ್ಕೆ ಕೈ ಹಾಕುತ್ತದೆ. ಕಣಜದ ಬಾಗಿಲು ತೆಗೆಯಲು ಒಂದು ಕಿಣ್ವ ಬೇಕು. ನಿಮ್ಮ ಮಗನ ಮಾಂಸಖಂಡದಲ್ಲಿ ಆ ಕೀಲಿಕೈ ಇಲ್ಲ. ಕಣಜ ತುಂಬಿದೆ, ಬಾಗಿಲಿಗೆ ಬೀಗ. ಲಂಡನ್ನಿನ ಬ್ರಯಾನ್ ಮೆಕ್‌ಆರ್ಡಲ್ ಅನ್ನುವ ವೈದ್ಯರು 1951ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರ ಹೆಸರೇ ಕಾಯಿಲೆಗೆ ಉಳಿಯಿತು.

ಬೀಗ ಬಿದ್ದ ಕಣಜದ ಮನೆಯವರು ಏನು ಮಾಡುತ್ತಾರೆ? ಪೇಟೆಯಿಂದ ಅಕ್ಕಿ ತರಿಸುತ್ತಾರೆ. ದೇಹವೂ ಹಾಗೇ. ರಕ್ತದಲ್ಲಿರುವ ಸಕ್ಕರೆಯನ್ನೂ ಕೊಬ್ಬನ್ನೂ ಮಾಂಸಖಂಡಕ್ಕೆ ತರಿಸುತ್ತದೆ. ಆದರೆ ಅದು ಬಂದು ಮುಟ್ಟಲು ಎಂಟು ಹತ್ತು ನಿಮಿಷ ಬೇಕು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದೇ ಕಾಯಿಲೆಯ ಒಬ್ಬ ಹುಡುಗನನ್ನು ಆಸ್ಪತ್ರೆಯ ಉದ್ದ ವರಾಂಡದಲ್ಲಿ ಒಂದೇ ವೇಗದಲ್ಲಿ ನಡೆಸುತ್ತಿದ್ದೆ. ಮೂರನೇ ನಿಮಿಷಕ್ಕೆ ಮುಖ ಬಾಡಿತು. ಆರನೇ ನಿಮಿಷಕ್ಕೆ ನಾಡಿ 140 ದಾಟಿತು, ತೊಡೆ ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ಸ್ವಲ್ಪ ನಿಧಾನ ಮಾಡು, ನಿಲ್ಲಬೇಡ ಅಂದೆ. ಒಂಬತ್ತನೇ ನಿಮಿಷ ದಾಟಿದ್ದೇ ತಡ, ಅವನ ಹೆಗಲು ಇಳಿಯಿತು, ಉಸಿರು ಹಗುರವಾಯಿತು. ಮತ್ತೆ ಮೊದಲಿನ ವೇಗದಲ್ಲೇ ನಡೆಯುತ್ತಿದ್ದರೂ ನಾಡಿ 115ಕ್ಕೆ ಇಳಿದಿತ್ತು. "ಮೇಡಂ, ಈಗ ಎಷ್ಟು ಹೊತ್ತಾದರೂ ನಡೆಯಬಲ್ಲೆ" ಅಂದ. ಇದಕ್ಕೆ ಎರಡನೇ ಉಸಿರು ಅನ್ನುತ್ತಾರೆ. ನಿಮ್ಮ ಮಗನಿಗೂ ಇದು ಅನುಭವಕ್ಕೆ ಬಂದಿರಬೇಕು, ಕೇಳಿ ನೋಡಿ. ಅವನಿಗೆ ನಾನು ಕೊಡಬಹುದಾದ ಯಾವ ಮಾತ್ರೆಗಿಂತಲೂ ಈ ಹತ್ತು ನಿಮಿಷ ದೊಡ್ಡ ಔಷಧಿ.

ಆ ಹತ್ತು ನಿಮಿಷ ಕಾಯದೆ ಒಮ್ಮೆಲೇ ಭಾರ ಹೊತ್ತರೆ ಮಾಂಸಖಂಡದ ಎಳೆಗಳು ಒಡೆಯುತ್ತವೆ. ಒಳಗಿದ್ದ ಮಯೋಗ್ಲೋಬಿನ್ ಅನ್ನುವ ಕೆಂಪು ವಸ್ತು ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಬರುತ್ತದೆ, ದಾರಿಯಲ್ಲಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ನೀವು ಕಂಡ ಚೊಗರಿನ ಬಣ್ಣ ಅದೇ. ಅಡಿಕೆ ಬೇಯಿಸುವ ಮನೆಯವರು ಮಾತ್ರ ಹೇಳಬಲ್ಲ ಹೋಲಿಕೆ, ಅಷ್ಟು ಸರಿಯಾಗಿದೆ. ಕಾಮಾಲೆ ಅಂದುಕೊಂಡದ್ದರಲ್ಲಿ ನಿಮ್ಮ ತಪ್ಪಿಲ್ಲ. ಮಾಂಸಖಂಡ ಒಡೆದಾಗ ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಅಂಕಿಗಳು ಕೂಡ ಏರುತ್ತವೆ, ರಿಪೋರ್ಟ್ ನೋಡಿದವರು ಲಿವರ್ ಅಂತಲೇ ಹೇಳುತ್ತಾರೆ. ಜಿಜಿಟಿ ಅನ್ನುವ ಇನ್ನೊಂದು ಪರೀಕ್ಷೆ ಮಾಡಿದರೆ ಗುಟ್ಟು ಬಯಲಾಗುತ್ತದೆ. ತೊಂದರೆ ಮಾಂಸಖಂಡದ್ದಾದರೆ ಅದು ಏರುವುದಿಲ್ಲ. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ರಕ್ತ ಇದೆ ಅಂತ ಬಂದು, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣಗಳೇ ಕಾಣದಿದ್ದರೆ ಅದೂ ಒಂದು ಸುಳಿವು.

ಇನ್ನು ಕೊರತೆಯ ಮಾತು. ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ, ಎಲ್ಲರೂ ಅವನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತಾರೆ. ಕಿಣ್ವ ಇಲ್ಲದ್ದು ಒಂದು ಲೆಕ್ಕ. ಅದನ್ನು ಯಾವ ಪೌಡರ್ ಕೂಡ ತುಂಬಿಕೊಡುವುದಿಲ್ಲ. ವಿಟಮಿನ್ ಡಿ, ಬಿ12 ಕಡಿಮೆ ಇರುವುದು ಇನ್ನೊಂದು ಲೆಕ್ಕ. ಅದನ್ನು ಖಂಡಿತ ತುಂಬಬಹುದು, ತುಂಬಲೇಬೇಕು. ಅಳೆದು ನೋಡಿ ಖಾಲಿ ಇದ್ದದ್ದನ್ನು ತುಂಬಿಸಿ. ಖಾಲಿ ಇಲ್ಲದ ಕಡೆ ಸುರಿಯಬೇಡಿ.

ವಿಟಮಿನ್ ಡಿ 11 ಅಂದರೆ ಕಡಿಮೆಯೇ. 20ರ ಕೆಳಗಿದ್ದರೆ ಕೊರತೆ ಅನ್ನುತ್ತೇವೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲಿನ ಮುಖ ಕಾಣುವುದೇ ಅಪರೂಪ. ಮಳೆ ನಿಂತ ಮೇಲೂ ಕೆಲಸವೆಲ್ಲ ಅಡಿಕೆ ಮರದ ನೆರಳಲ್ಲಿ. ಮೇಲಿಂದ ನಿಮ್ಮ ಮಗ ನೋವಿಗೆ ಹೆದರಿ ಮನೆಯೊಳಗೇ ಕೂತಿರುತ್ತಾನೆ, ಅಲ್ವಾ? ಡಿ ಕೊರತೆ ತಾನೇ ಮೈಕೈ ನೋವು ಕೊಡುತ್ತದೆ. ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. ಆ ಪಾಲಿನ ನೋವು ಡಿ ತುಂಬಿಸಿದರೆ ಕಡಿಮೆಯಾಗುತ್ತದೆ. ಮೆಕ್‌ಆರ್ಡಲ್‌ನ ಪಾಲು ಹಾಗೇ ಉಳಿಯುತ್ತದೆ. ಇದನ್ನು ಮಗನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಎರಡು ತಿಂಗಳಾದ ಮೇಲೆ ಏನೂ ಪ್ರಯೋಜನವಾಗಲಿಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾನೆ.

ಸಾಮಾನ್ಯವಾಗಿ ನಾವು 60,000 ಯುನಿಟ್‌ನ ಸ್ಯಾಚೆ ಅಥವಾ ಕ್ಯಾಪ್ಸೂಲ್ ವಾರಕ್ಕೆ ಒಂದರಂತೆ ಎಂಟು ವಾರ ಕೊಡುತ್ತೇವೆ. ಆಮೇಲೆ ಅಳೆದು ನೋಡಿ ತಿಂಗಳಿಗೊಂದು ಮಾಡುತ್ತೇವೆ. ಮಧ್ಯಾಹ್ನದ ಊಟದ ಜೊತೆ ತೆಗೆದುಕೊಳ್ಳಲಿ, ಊಟದಲ್ಲಿ ತುಪ್ಪವೋ ಎಣ್ಣೆಯೋ ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ವಾರಕ್ಕೊಂದು ಅನ್ನುವುದನ್ನು ಮಾತ್ರ ಕ್ಯಾಲೆಂಡರಿನ ಮೇಲೆ ಬರೆದಿಡಿ. ವಾರದ ಸ್ಯಾಚೆಯನ್ನು ದಿನಾ ಕುಡಿದು ವಾಂತಿ, ಮಲಬದ್ಧತೆ, ಮಂಕು ಹಿಡಿದು ಬಂದವರನ್ನು ನಾನು ದಾಖಲು ಮಾಡಿಕೊಂಡಿದ್ದೇನೆ. ಡಿ ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತದೆ. ನಿಮ್ಮ ಮಗನ ಮೂತ್ರಪಿಂಡ ಒಮ್ಮೆ ಪೆಟ್ಟು ತಿಂದಿದೆ, ಇನ್ನೊಂದು ಬೇಡ.

ಬಿ12 168 ಕೂಡ ಕಡಿಮೆ, 200ರ ಮೇಲಾದರೂ ಇರಬೇಕು. ಮೊಟ್ಟೆ, ಮೀನು ತಿನ್ನದ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಹಾಲು, ಮೊಸರಿನಲ್ಲಿ ಬಿ12 ಇದೆ. ಆದರೆ ನಮ್ಮಲ್ಲಿ ಹಾಲು ಡೇರಿಗೆ ಹೋಗಿ, ಮನೆಯವರಿಗೆ ಉಳಿಯುವುದು ನೀರು ಮಜ್ಜಿಗೆ. ಸೊಪ್ಪು ತರಕಾರಿಯಲ್ಲಿ ಬಿ12 ಇಲ್ಲ. ಒಂದೆಲಗದ ತಂಬುಳಿ, ನುಗ್ಗೆಸೊಪ್ಪಿನ ಪಲ್ಯ ಬೇರೆ ಕಾರಣಕ್ಕೆ ಒಳ್ಳೆಯವು, ಬಿ12ಗಲ್ಲ. 1,000 ಮೈಕ್ರೋಗ್ರಾಂ ಮಾತ್ರೆ ದಿನಾ ತೆಗೆದುಕೊಂಡರೆ ಬಹಳ ಜನರಿಗೆ ಸಾಕಾಗುತ್ತದೆ. ಕೈಕಾಲು ಜೋಮು, ನಡೆಯುವಾಗ ತೂಗಾಟ ಇದ್ದರೆ ಮಾತ್ರ ಇಂಜೆಕ್ಷನ್ನಿನಿಂದ ಶುರು ಮಾಡುತ್ತೇವೆ. ರಕ್ತ ಕೊಡುವಾಗ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಕಡಿಮೆಯಿದ್ದರೂ ಸಿ.ಕೆ. ಏರುತ್ತದೆ, ಮಾಂಸಖಂಡ ಹಿಡಿಯುತ್ತದೆ. ಅದಕ್ಕೆ ಒಳ್ಳೆಯ ಔಷಧಿ ಇದೆ, ಬಿಟ್ಟುಹೋಗಬಾರದು.

ಬಿ6 ವಿಷಯ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಈ ಕಾಯಿಲೆಯಲ್ಲಿ ಬಿ6ಗೆ ವಿಶೇಷ ಜಾಗ ಇದೆ. ನಮ್ಮ ದೇಹದ ಬಿ6ನಲ್ಲಿ ಬಹುಪಾಲು ಇರುವುದು ಮಾಂಸಖಂಡದಲ್ಲಿ, ಅದೂ ನಿಮ್ಮ ಮಗನಿಗೆ ಇಲ್ಲದ ಅದೇ ಕಿಣ್ವಕ್ಕೆ ಅಂಟಿಕೊಂಡು. ಕಿಣ್ವವೇ ಇಲ್ಲದಾಗ ಬಿ6 ಕೂರುವ ಜಾಗವೂ ಇಲ್ಲ, ದೇಹದ ದಾಸ್ತಾನು ಕಡಿಮೆಯಾಗುತ್ತದೆ. ಹಾಗಾದರೆ ಬಿ6 ಕೊಟ್ಟರೆ ಆಯಿತಲ್ಲ ಅನ್ನಿಸುವುದು ಸಹಜ. ಕೊಟ್ಟು ನೋಡಿದ್ದಾರೆ. ಗಟ್ಟಿ ಲಾಭ ಕಂಡಿಲ್ಲ, ಏಕೆಂದರೆ ಬಿ6 ಸುರಿದ ಮಾತ್ರಕ್ಕೆ ಕಿಣ್ವ ಹುಟ್ಟುವುದಿಲ್ಲ. ಕೊರತೆ ಆಗದಷ್ಟು ಸಿಕ್ಕರೆ ಸಾಕು. ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ. ಬೇಳೆ, ಬಾಳೆಹಣ್ಣು, ಆಲೂಗಡ್ಡೆ, ಕುಚ್ಚಲಕ್ಕಿಯಲ್ಲೇ ಅದು ಬರುತ್ತದೆ. ಈಗ ಮಗನ ಬಿ-ಕಾಂಪ್ಲೆಕ್ಸ್ ಸ್ಟ್ರಿಪ್ ತಿರುಗಿಸಿ ಹಿಂದೆ ಓದಿ. ಪಿರಿಡಾಕ್ಸಿನ್ ಅಂತ ಬರೆದಿರುತ್ತದೆ, ಅದೇ ಬಿ6. ಎದುರಿಗೆ 3 ಅಂತ ಇದ್ದರೆ ಸರಿ. 100 ಅಂತ ಇದ್ದರೆ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವುದು ಬೇಡ. ಬಿ6 ಜಾಸ್ತಿಯಾದರೆ ನರಗಳೇ ಹಾಳಾಗುತ್ತವೆ. ಅಂಗಾಲು ಮರಗಟ್ಟುತ್ತದೆ, ಉರಿಯುತ್ತದೆ. ಅದನ್ನು ಬಿ12 ಕೊರತೆ ಅಂದುಕೊಂಡು ಅದೇ ಬಿ6 ಇರುವ ಇನ್ನೊಂದು ಸ್ಟ್ರಿಪ್ ಬರೆದುಕೊಡುವುದೂ ಇದೆ. ಈ ಸುಳಿಯಲ್ಲಿ ಸಿಕ್ಕವರನ್ನು ನೋಡಿದಾಗ ನನಗೆ ತುಂಬಾ ನೋವಾಗುತ್ತದೆ. ಒಳ್ಳೆಯದಾಗಲಿ ಅಂತ ನುಂಗಿದ ಮಾತ್ರೆ ಅದು.

ಕ್ರಿಯಾಟಿನ್ ಡಬ್ಬ ಇವತ್ತೇ ಎತ್ತಿಡಿ. ಇದು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಮೆಕ್‌ಆರ್ಡಲ್ ಇರುವವರಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ಕೆ.ಜಿ. ತೂಕಕ್ಕೆ ದಿನಕ್ಕೆ 60 ಮಿಲಿಗ್ರಾಂ ಕೊಟ್ಟಾಗ ಕೆಲವರಿಗೆ ಸ್ವಲ್ಪ ಅನುಕೂಲ ಕಂಡಿತು. ಹಾಗಾದರೆ ಜಾಸ್ತಿ ಕೊಡೋಣ ಅಂತ 150 ಮಿಲಿಗ್ರಾಂ ಕೊಟ್ಟಾಗ ನೋವು ಹೆಚ್ಚಾಯಿತು. ನಿಮ್ಮ ಮಗನ ತೂಕಕ್ಕೆ ಮೊದಲನೆಯದು 4 ಗ್ರಾಂಗೂ ಕಡಿಮೆ, ಎರಡನೆಯದು 9 ಗ್ರಾಂ ಚಿಲ್ಲರೆ. ಜಿಮ್ಮಿನಲ್ಲಿ ಹುಡುಗರು ಮೊದಲ ವಾರ ದಿನಕ್ಕೆ 20 ಗ್ರಾಂ ತಿನ್ನುತ್ತಾರೆ! ಇನ್ನೊಂದು ತೊಡಕು, ಕ್ರಿಯಾಟಿನ್ ತಿಂದರೆ ಮೂತ್ರಪಿಂಡದ ಕೆಲಸ ಅಳೆಯಲು ನಾವು ನೋಡುವ ಕ್ರಿಯಾಟಿನಿನ್ ಅನ್ನುವ ರಕ್ತದ ಅಂಕಿ ಏರುತ್ತದೆ, ಮೂತ್ರಪಿಂಡ ನಿಜವಾಗಿ ಹೇಗಿದೆ ಅಂತ ನಮಗೆ ತಿಳಿಯುವುದಿಲ್ಲ. ತೂಕ ಏರಿಸುವ ಪೌಡರ್ ಡಬ್ಬಗಳಲ್ಲೂ ಇದನ್ನು ಬೆರೆಸಿರುತ್ತಾರೆ, ಲೇಬಲ್ ನೋಡಿ.

ಕಾರ್ನಿಟಿನ್, ಕ್ಯೂ10 ನಿಮ್ಮ ಮಗನಿಗೆ ಬೇಕಿಲ್ಲ, ದುಡ್ಡು ದಂಡ. ಆದರೆ ಇವು ಎಲ್ಲರಿಗೂ ವ್ಯರ್ಥ ಅಂತ ತಿಳಿಯಬೇಡಿ. ಇದೇ ಗುಂಪಿನ ಬೇರೆ ಕಾಯಿಲೆಗಳಲ್ಲಿ ಕಥೆಯೇ ಬೇರೆ. ದೇಹದಲ್ಲಿ ಕಾರ್ನಿಟಿನ್ ನಿಲ್ಲದೇ ಹೋಗುವ ಒಂದು ಹುಟ್ಟು ಕಾಯಿಲೆ ಇದೆ, ಅಲ್ಲಿ ಕಾರ್ನಿಟಿನ್ ಜೀವ ಉಳಿಸುತ್ತದೆ. ಕೊಬ್ಬು ಕರಗಿಸುವ ಹಲವು ಕಿಣ್ವಗಳು ಒಟ್ಟಿಗೆ ಸೋಲುವ ಇನ್ನೊಂದು ಕಾಯಿಲೆಯಲ್ಲಿ ಬಿ2, ಅಂದರೆ ರೈಬೋಫ್ಲೇವಿನ್, ಪವಾಡದ ಹಾಗೆ ಕೆಲಸ ಮಾಡುತ್ತದೆ. ಕತ್ತು ಎತ್ತಲಾಗದೆ ಬಂದವರು ಕೆಲವು ವಾರಗಳಲ್ಲಿ ನಡೆದು ಹೋಗುತ್ತಾರೆ. ಸಿಪಿಟಿ2 ಅಂತ ಮತ್ತೊಂದಿದೆ, ಅವರಿಗೆ ಉಪವಾಸವೇ ಶತ್ರು. ಏಕಾದಶಿ, ಶಿವರಾತ್ರಿ ಉಪವಾಸ ಬಿಡಿ ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಾಗಾಗಿ ಬೇರೆಯವರ ಮಗನಿಗೆ ಗುಣವಾದ ಮಾತ್ರೆ ನಿಮ್ಮ ಮಗನಿಗೆ ಯಾಕಾಗಲಿಲ್ಲ ಅಂತ ಕೇಳಿದರೆ ಉತ್ತರ ಇಷ್ಟೇ. ಹೊರಗಿನ ಲಕ್ಷಣ ಒಂದೇ, ಒಳಗಿನ ಕಾಯಿಲೆ ಬೇರೆ. ಜೀನ್ ಪರೀಕ್ಷೆ ಮಾಡಿಸಿ ನೀವು ದೊಡ್ಡ ಕೆಲಸ ಮಾಡಿದ್ದೀರಿ. ಆ ರಿಪೋರ್ಟ್ ಜೋಪಾನ.

ಅಶ್ವಗಂಧವನ್ನೂ ನಿಲ್ಲಿಸಿ. ಅಪರೂಪಕ್ಕೆ ಅದರಿಂದ ಲಿವರ್‌ಗೆ ತೊಂದರೆಯಾದ ವರದಿಗಳಿವೆ. ಇವನ ರಿಪೋರ್ಟ್‌ನಲ್ಲಿ ಲಿವರ್ ಅಂಕಿಗಳು ಯಾವಾಗಲೂ ಏರಿಯೇ ಇರುವುದರಿಂದ ನಿಜವಾದ ತೊಂದರೆ ಬಂದರೆ ಹಿಡಿಯುವುದು ಕಷ್ಟ.

ಪ್ರೋಟೀನ್ ಪೌಡರ್ ವಿಷವೇನಲ್ಲ, ಆದರೆ ಅಗತ್ಯವೂ ಇಲ್ಲ. ಅವನಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ಮಧ್ಯಾಹ್ನ ಗಟ್ಟಿ ಬೇಳೆ, ರಾತ್ರಿ ಹೆಸರುಕಾಳೋ ಹುರುಳಿಯೋ, ಎರಡು ಲೋಟ ಹಾಲು, ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಹಿಡಿ ಶೇಂಗಾ. ತಿಳಿ ಸಾರು ಅನ್ನದಿಂದ ಮಾತ್ರ ಆಗುವುದಿಲ್ಲ. ಪೌಡರಿನ ದುಡ್ಡಿನಲ್ಲಿ ಡೇರಿಗೆ ಹೋಗುವ ಹಾಲನ್ನು ಸ್ವಲ್ಪ ಮನೆಯಲ್ಲೇ ಉಳಿಸಿಕೊಳ್ಳಿ. ಅನ್ನ ಬಿಡಿಸಿ ಬರೀ ಪ್ರೋಟೀನ್ ತಿನ್ನಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಈ ಕಾಯಿಲೆಯಲ್ಲಿ ಎರಡು ಬಗೆಯ ಊಟ ಹೋಲಿಸಿ ನೋಡಿದ ಸಣ್ಣ ಅಧ್ಯಯನದಲ್ಲಿ ಪ್ರೋಟೀನ್ ಊಟಕ್ಕಿಂತ ಅನ್ನ, ರೊಟ್ಟಿಯಂಥ ಪಿಷ್ಟದ ಊಟ ಮಾಡಿದವರೇ ಚೆನ್ನಾಗಿ ಕೆಲಸ ಮಾಡಿದರು. ಕಡುಬು, ಅಕ್ಕಿರೊಟ್ಟಿ ಧಾರಾಳವಾಗಿ ತಿನ್ನಲಿ.

ಸಕ್ಕರೆಯ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಈ ಕಾಯಿಲೆಗೆ ಪರೀಕ್ಷಿಸಿ ಲಾಭ ಕಂಡ ಕೆಲವೇ ಉಪಾಯಗಳಲ್ಲಿ ಇದೂ ಒಂದು. ಶ್ರಮದ ಕೆಲಸಕ್ಕೆ ಐದು ನಿಮಿಷ ಮೊದಲು 37 ಗ್ರಾಂ ಸಕ್ಕರೆ ನೀರಿನಲ್ಲಿ ಕದಡಿ ಕುಡಿದರೆ ಮೊದಲ ಹತ್ತು ನಿಮಿಷ ಹಗುರವಾಗುತ್ತದೆ. ಪೇಟೆಯ ಅಕ್ಕಿ ಮೊದಲೇ ಬಾಗಿಲಿಗೆ ಬಂದ ಹಾಗೆ. ಬಂದವರಿಗೆ ಬೆಲ್ಲ ನೀರು ಕೊಡುವ ಊರು ನಮ್ಮದು. ಬೆಲ್ಲದಲ್ಲಿ ಬಹುಪಾಲು ಇರುವುದೂ ಇದೇ ಸಕ್ಕರೆ, ಅದರಿಂದಲೂ ನಡೆಯುತ್ತದೆ. ಆದರೆ ಇದು ಏಳೆಂಟು ಚಮಚ ಸಕ್ಕರೆ. ದಿನಕ್ಕೆ ನಾಲ್ಕು ಸಲ ಕುಡಿದರೆ ಮೈ ಬರುತ್ತದೆ, ಹಲ್ಲು ಹೋಗುತ್ತದೆ. ಇವತ್ತು ಗುಡ್ಡ ಹತ್ತಲೇಬೇಕು ಅನ್ನುವ ದಿನಕ್ಕೆ ಮಾತ್ರ ಇಟ್ಟುಕೊಳ್ಳಲಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಸಲ್ಲ. ತರುಯಿ ಅನ್ನುವ ಅಣ್ಣತಮ್ಮನಂಥ ಕಾಯಿಲೆಯಲ್ಲಿ ಇದೇ ಸಕ್ಕರೆ ನೋವು ಹೆಚ್ಚಿಸುತ್ತದೆ.

ತೋಟದ ಕೆಲಸ ಬಿಡಿಸಬೇಡಿ. ಕೂತರೆ ಮಾಂಸಖಂಡ ಇನ್ನೂ ಸೊರಗುತ್ತದೆ. 14 ವಾರ ಕ್ರಮವಾಗಿ ಸೈಕಲ್ ತುಳಿಸಿದ ರೋಗಿಗಳಲ್ಲಿ ಕೆಲಸದ ತಾಕತ್ತು ಹೆಚ್ಚಾಗಿದ್ದನ್ನು ತೋರಿಸಿದ್ದಾರೆ, ತೊಂದರೆಯೂ ಆಗಲಿಲ್ಲ. ನಿತ್ಯ ಸಮತಟ್ಟು ದಾರಿಯಲ್ಲಿ ಹತ್ತು ನಿಮಿಷ ನಿಧಾನ ನಡೆದು, ಎರಡನೇ ಉಸಿರು ಬಂದ ಮೇಲೆ ಇನ್ನರ್ಧ ಗಂಟೆ ನಡೆಯಲಿ. ತೋಟದಲ್ಲೂ ಅದೇ ಕ್ರಮ. ಕೊನೆ ಹೊರುವುದು, ದೋಟಿ ಎತ್ತಿ ಹಿಡಿಯುವುದು, ಕೆಸರಲ್ಲಿ ಹುಗಿದ ಗಾಡಿ ನೂಕುವುದು ಬೇಡ. ಉಸಿರು ಕಟ್ಟಿ ಮಾಡುವ ಯಾವ ಕೆಲಸವೂ ಬೇಡ. ಅಡಿಕೆ ಸುಲಿಯುವುದು, ಹರಗುವುದು, ಲೆಕ್ಕ ನೋಡುವುದು ಆರಾಮಾಗಿ ಮಾಡಬಹುದು. ನೋವು ಬಂದರೆ ಹಲ್ಲು ಕಚ್ಚಿ ಮುಂದುವರಿಯಬಾರದು. ನಿಧಾನಿಸಬೇಕು, ಬಿಡದಿದ್ದರೆ ನಿಲ್ಲಬೇಕು.

ಮತ್ತೆ ಚೊಗರಿನ ಬಣ್ಣ ಕಂಡರೆ ಬೆಳಗಾಗುವ ತನಕ ಕಾಯಬೇಡಿ. ನೀರು ಕುಡಿಸುತ್ತಾ ಡ್ರಿಪ್ ಹಾಕುವ, ಮೂತ್ರಪಿಂಡದ ಪರೀಕ್ಷೆ ಇರುವ ಆಸ್ಪತ್ರೆಗೆ ಬನ್ನಿ. ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ ಆಗ ಬೇಡ, ಮೂತ್ರಪಿಂಡಕ್ಕೆ ಅವು ಇನ್ನೂ ಕೆಡುಕು. ಆರಾಮಿದ್ದಾಗ ಒಮ್ಮೆ ಸಿ.ಕೆ. ಮಾಡಿಸಿ ಆ ಅಂಕಿಯನ್ನು ಬರೆದಿಡಿ. ಇವರಲ್ಲಿ ಅದು ಸುಮ್ನೆ ಇದ್ದಾಗಲೂ ಸಾವಿರ ದಾಟಿರಬಹುದು. ಆ ಅಂಕಿ ಗೊತ್ತಿಲ್ಲದ ವೈದ್ಯರು ಗಾಬರಿಯಾಗುತ್ತಾರೆ, ಇಲ್ಲವೇ ನಿಜವಾದ ಏರಿಕೆಯನ್ನು ಗುರುತಿಸುವುದಿಲ್ಲ. ಇನ್ನೊಂದು ಮಾತು. ಜ್ವರದ ಜೊತೆ ಮೈಕೈ ನೋವು ಬಂದರೆ ಎಲ್ಲವನ್ನೂ ಹಳೇ ಕಾಯಿಲೆಯ ಮೇಲೆ ಹಾಕಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಇಲಿ ಜ್ವರವೂ ನಮ್ಮ ಗದ್ದೆಗಳಲ್ಲಿದೆ, ಅದರಲ್ಲಿ ಮೀನಖಂಡ ವಿಪರೀತ ನೋಯುತ್ತದೆ. ಎರಡಕ್ಕೂ ಬೇರೆ ಪರೀಕ್ಷೆ ಆಗಬೇಕು.

ಈಗ ಮಗಳ ವಿಷಯ. ನಿಮ್ಮ ಪ್ರತಿ ಮಗುವಿಗೂ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳಿಗೆ ನೋವು ಶುರುವಾಗಿರುವುದರಿಂದ ಕಾಯುವುದು ಬೇಡ. ಮೊದಲು ಬರೀ ಸಿ.ಕೆ. ಪರೀಕ್ಷೆ ಸಾಕು, ಅದಕ್ಕೆ ಎರಡು ಮೂರು ದಿನ ಮೊದಲಿನಿಂದ ಓಟ, ಆಟ ಬೇಡ. ಏರಿದ್ದರೆ ಅಣ್ಣನ ರಿಪೋರ್ಟ್ ಇಟ್ಟುಕೊಂಡು ಅವಳ ಜೀನ್‌ನಲ್ಲಿ ಅದೇ ಜಾಗ ಮಾತ್ರ ನೋಡಿದರಾಯಿತು, ಖರ್ಚೂ ಕಡಿಮೆ. ಡಿ, ಬಿ12 ಅವಳದ್ದೂ ನೋಡಿಸಿ, ಒಂದೇ ಅಡುಗೆ ಉಂಡವಳಲ್ಲವಾ. ಅಲ್ಲಿಯ ತನಕ ಅವಳ ಪಿ.ಟಿ. ಮಾಸ್ತರರಿಗೆ ನಾಲ್ಕು ಸಾಲಿನ ಚೀಟಿ ಬರೆದುಕೊಡಿ: "ಇವಳನ್ನು ಒಮ್ಮೆಲೇ ಓಡಿಸಬೇಡಿ. ಹತ್ತು ನಿಮಿಷ ನಡೆಯಲು ಬಿಡಿ. ಕಾಲು ನೋವು ಅಂದರೆ ಕೂರಲು ಬಿಡಿ. ಸೋಮಾರಿ ಅನ್ನಬೇಡಿ." ಪರೀಕ್ಷೆಗೆ ಇಬ್ಬರನ್ನೂ ಕರೆದುಕೊಂಡು ಹೋಗುವಾಗ ಆ ಮಾತ್ರೆ ಕವರನ್ನು ಹಾಗೇ ತೆಗೆದುಕೊಂಡು ಹೋಗಿ, ಡಬ್ಬಗಳ ಸಮೇತ.